‘ಪ್ರೊಬೇಟ್’ ಎಂದರೆ ‘ಉತ್ತರಾಧಿಕಾರ ಪ್ರಮಾಣಪತ್ರ’ವೇ?

ಪ್ರಶ್ನೆ: ‘ಎಕ್ಸಿಕ್ಯೂಟರ್‌ಗೆ ಪ್ರೊಬೇಟ್ ಸಿಕ್ಕಿದೆ’ ಎಂಬ ಸಾಲನ್ನು ಅನುವಾದವೊಂದರಲ್ಲಿ ‘ವಾರಸುದಾರರಿಗೆ ಉತ್ತರಾಧಿಕಾರ ಪ್ರಮಾಣಪತ್ರ ದೊರೆತಿದೆ’ ಎಂದು ಮಾಡಿದ್ದಾರೆ. ಇದು ಸರಿಯೇ? ಹಾಗೆಯೇ ‘ಪೌತಿ ಖಾತೆ’ಯ ‘ಪೌತಿ’ ಯಾವ ಭಾಷೆಯದು? ಬಲ್ಲವರು ತಿಳಿಸಬೇಕು.

ಉತ್ತರ 1: ಸರಿಯಲ್ಲ. ಆ ಪುಟ್ಟ ವಾಕ್ಯದಲ್ಲಿ ವ್ಯಕ್ತಿಯೂ ಬದಲಾಗಿದ್ದಾರೆ, ಕಾಗದವೂ ಬದಲಾಗಿದೆ.

ಉಯಿಲು ಬರೆದವರು ತೀರಿಕೊಂಡ ಮೇಲೆ ನ್ಯಾಯಾಲಯ ಆ ಉಯಿಲು ಅಸಲಿ ಎಂದು ಒಪ್ಪಿ, ಮೊಹರು ಹಾಕಿದ ಪ್ರತಿಯ ಜೊತೆಗೆ ಆಸ್ತಿ ನಿರ್ವಹಿಸುವ ಅಧಿಕಾರವನ್ನೂ ಕೊಡುತ್ತದೆ. ಅದು ಪ್ರೊಬೇಟ್. ಲ್ಯಾಟಿನ್ ಮೂಲದಲ್ಲಿ ಇದರ ಅರ್ಥ ಸಾಬೀತು ಮಾಡುವುದು. 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದ 222ನೇ ಸೆಕ್ಷನ್ ಪ್ರಕಾರ ಇದು ಉಯಿಲನ್ನು ಜಾರಿಗೆ ತರಲು ಅದರಲ್ಲೇ ನೇಮಕವಾದ ಎಕ್ಸಿಕ್ಯೂಟರ್‌ಗೆ ಮಾತ್ರ ಸಿಗುತ್ತದೆ. ಅವರು ವಾರಸುದಾರರೇ ಆಗಿರಬೇಕಿಲ್ಲ, ಸ್ನೇಹಿತರೋ ವಕೀಲರೋ ಆಗಿರಬಹುದು. ಯಾರನ್ನೂ ನೇಮಿಸಿರದಿದ್ದರೆ ಪ್ರೊಬೇಟ್ ಕೇಳುವಂತಿಲ್ಲ. ಉಯಿಲನ್ನು ಲಗತ್ತಿಸಿದ ಆಡಳಿತ ಪತ್ರಕ್ಕೆ, ಅಂದರೆ ಆಸ್ತಿ ನಿರ್ವಹಿಸಲು ನ್ಯಾಯಾಲಯ ಕೊಡುವ ಅಧಿಕಾರ ಪತ್ರಕ್ಕೆ, ಅರ್ಜಿ ಹಾಕಬೇಕು.

ಉತ್ತರಾಧಿಕಾರ ಪ್ರಮಾಣಪತ್ರದ ದಾರಿಯೇ ಬೇರೆ. ಮೃತರಿಗೆ ಬರಬೇಕಾದ ಸಾಲ, ಬ್ಯಾಂಕಿನಲ್ಲಿರುವ ಹಣ, ಷೇರು, ಇಂಥವುಗಳ ವಸೂಲಿಗೆ ಅದನ್ನೂ ನ್ಯಾಯಾಲಯವೇ ಕೊಡುತ್ತದೆ. ಮನೆ, ಜಮೀನಿಗೆ ಅದು ಅನ್ವಯಿಸದು. ನಾಡಕಚೇರಿಯ ಜೀವಂತ ಸದಸ್ಯರ ದೃಢೀಕರಣ ಪತ್ರವನ್ನೂ ಕೆಲವರು ಇದೇ ಹೆಸರಿನಿಂದ ಕರೆಯುತ್ತಾರೆ, ಬ್ಯಾಂಕಿನಲ್ಲಿ ಅರ್ಜಿ ವಾಪಸಾದಾಗ ಗೊಂದಲಪಡುತ್ತಾರೆ.

ಪ್ರೊಬೇಟ್‌ಗೆ ‘ಉಯಿಲಿನ ಸಾಬೀತು ಪತ್ರ’ ಎಂದರೆ ಅರ್ಥವಾಗುತ್ತದೆ. ಆದರೂ ನಾನು ಪ್ರೊಬೇಟ್ ಎಂದೇ ಇಟ್ಟು, ಮೊದಲ ಸಲ ಬಂದಾಗ ವಿವರಿಸುತ್ತೇನೆ. ‘ಉಯಿಲು’ ಕೂಡ ‘ವಿಲ್’ನಿಂದಲೇ ಬಂದು ನಮ್ಮದಾದ ಪದವಲ್ಲವೇ!

ಇನ್ನೊಂದು ಪದದ ಬಗ್ಗೆ ಎಚ್ಚರ ಬೇಕು: ‘ಬಿಕ್ಕಲಂ’. ಹಳೆಯ ಉಯಿಲುಗಳ ಕೊನೆಯಲ್ಲಿ ಸಾಕ್ಷಿಗಳ ಸಹಿಯ ಪಕ್ಕ ಇದು ಕಾಣುತ್ತದೆ. ಪತ್ರವನ್ನು ಕೈಯಲ್ಲಿ ಬರೆದ ಬರಹಗಾರರ ಗುರುತು ಇದು, ಇದನ್ನು ‘ಸಾಕ್ಷಿ’ ಎಂದು ಅನುವಾದಿಸಬಾರದು. ಉಯಿಲಿಗೆ ಕನಿಷ್ಠ 2 ಸಾಕ್ಷಿಗಳ ಸಹಿ ಬೇಕು. ಒಬ್ಬ ಸಾಕ್ಷಿ ಮತ್ತು ಒಂದು ಬಿಕ್ಕಲಂ ಇದ್ದರೆ, ಆ ಬರಹಗಾರರು ಸಾಕ್ಷಿಯಾಗುವ ಉದ್ದೇಶದಿಂದಲೇ ಸಹಿ ಹಾಕಿದ್ದರೇ ಎಂಬಲ್ಲಿಗೆ ವ್ಯಾಜ್ಯ ಬಂದು ನಿಲ್ಲುತ್ತದೆ. ಅನುವಾದದಲ್ಲಿ ಇಬ್ಬರನ್ನೂ ‘ಸಾಕ್ಷಿ’ ಎಂದುಬಿಟ್ಟರೆ ಆ ಪ್ರಶ್ನೆಯೇ ಮರೆಯಾಗುತ್ತದೆ.

ಉತ್ತರ 2: ‘ಪೌತಿ’ಯ ಮೂಲ ಅರಬ್ಬಿಯ ‘ಫೌತ್’, ಅಂದರೆ ಸಾವು. ‘ವಾರಸು’ ಕೂಡ ಅರಬ್ಬಿ ಮೂಲದ್ದೇ. ಖಾತೆದಾರರು ತೀರಿಕೊಂಡಾಗ ವಂಶವೃಕ್ಷದ ಆಧಾರದಲ್ಲಿ ಪಹಣಿಗೆ ವಾರಸುದಾರರ ಹೆಸರು ಸೇರಿಸುವುದೇ ಪೌತಿ ಖಾತೆ. ಇದು ಕಂದಾಯದ ದಾಖಲೆಯಷ್ಟೇ, ಒಡೆತನವನ್ನು ಹುಟ್ಟಿಸುವುದಿಲ್ಲ. ಹಾಗಾಗಿ ಅನುವಾದದಲ್ಲಿ ‘ಆಸ್ತಿ ವರ್ಗಾವಣೆ’ ಎನ್ನಬೇಡಿ.

ಉಯಿಲು ಇದ್ದೂ ಅರ್ಜಿಯಲ್ಲಿ ‘ಪೌತಿ’ ಎಂದು ಬರೆದರೆ ಉಯಿಲಿನಲ್ಲಿ ಹೆಸರಿದ್ದವರೊಬ್ಬರ ಬದಲು ವಂಶವೃಕ್ಷದಲ್ಲಿರುವ ಎಲ್ಲರ ಹೆಸರೂ ಪಹಣಿಗೆ ಬಂದು ಕೂರುತ್ತದೆ. ಆಮೇಲೆ ಉಪವಿಭಾಗಾಧಿಕಾರಿಗಳಿಗೆ ಮೇಲ್ಮನವಿ ಸಲ್ಲಿಸಬೇಕು. ಉಯಿಲೇ ಸುಳ್ಳೆಂದು ಯಾರಾದರೂ ತಕರಾರು ತೆಗೆದರೆ ಸಿವಿಲ್ ನ್ಯಾಯಾಲಯಕ್ಕೇ ಹೋಗಬೇಕು. ಅಂಥ ಅರ್ಜಿಯಲ್ಲಿ ‘ಉಯಿಲಿನ ಆಧಾರದ ಹಕ್ಕು ಬದಲಾವಣೆ’ ಎಂದೇ ಬರೆಯಿರಿ.