ಆಂಟೆನಾ ಸಾಕೆಟ್ ಒಂದೇ ಇರೋ ಹಳೇ ಟಿವಿಗೆ ಫ್ರೀ ಡಿಶ್ ಬಾಕ್ಸ್ ಹಾಕೋದು ಹೇಗೆ?

ಹೊಸಬ_ಹಾಸನ:
20 ಇಂಚಿನ ಕಲರ್ ಪಿಕ್ಚರ್ ಟ್ಯೂಬ್ ಟಿವಿ. ಮುಂದೆ 8 ಬಟನ್, ಪಕ್ಕದ ಸಣ್ಣ ಮುಚ್ಚಳ ತೆಗೆದರೆ ಟ್ಯೂನಿಂಗ್ ಚಕ್ರಗಳು. ಹಿಂದೆ ಆಂಟೆನಾ ಸಾಕೆಟ್ ಬಿಟ್ಟರೆ ಏನೂ ಇಲ್ಲ, ಹಳದಿ-ಬಿಳಿ-ಕೆಂಪು ಪಿನ್ ಹಾಕೋಕೆ ಜಾಗವೇ ಇಲ್ಲ. ಡಿಡಿ ಫ್ರೀ ಡಿಶ್ ಬಾಕ್ಸ್ ಹಿಂದೆ ಎಲ್‌ಎನ್‌ಬಿ ಇನ್, ಲೂಪ್ ಔಟ್, ಎಚ್‌ಡಿಎಂಐ, ಮತ್ತೆ ಎವಿ ಅಂತ ಇಯರ್‌ಫೋನ್ ಥರದ ಒಂದು ತೂತು. ಲೂಪ್ ಔಟ್‌ನಿಂದ ಟಿವಿ ಆಂಟೆನಾಗೆ ವೈರ್ ಕೊಟ್ಟರೆ ಬರೀ ಚುಕ್ಕಿ. ಬಾಕ್ಸ್ ಕೆಟ್ಟಿದೆಯಾ? ರಿಪೇರಿಯವರು ಟಿವಿ ಬಿಚ್ಚಿ ಎವಿ ಪಿನ್ ಕೂರಿಸಿಕೊಡ್ತೀವಿ ಅಂತಾರೆ. ಮಾಡಿಸಬಹುದಾ?

ತಂತಿ_ತಮ್ಮಯ್ಯ:
ಬಾಕ್ಸ್ ಸರಿಯಾಗೇ ಇದೆ ಸರ್. ಲೂಪ್ ಔಟ್ ಟಿವಿಗಲ್ಲ, ಅದು ಇನ್ನೊಂದು ಬಾಕ್ಸ್‌ಗೆ. ಡಿಶ್‌ನಿಂದ ಬಂದ 950ರಿಂದ 2150 ಮೆಗಾಹರ್ಟ್ಸ್ ಸಿಗ್ನಲ್ ಅಲ್ಲಿಂದ ಹಾಗೇ ಹೊರಗೆ ಹೋಗುತ್ತೆ. ನಿಮ್ಮ ಟಿವಿಯ ಟ್ಯೂನರ್ 860ರ ಆಸುಪಾಸಿನಲ್ಲೇ ಮುಗಿಯುತ್ತೆ. ಮುಟ್ಟಿದರೂ ಅದು ಡಿಜಿಟಲ್, ಈ ಟಿವಿಗೆ ಅರ್ಥ ಆಗೋದಿಲ್ಲ. ಎಲ್‌ಎನ್‌ಬಿ (ಡಿಶ್ ಮುಂದೆ ಕೂತು ಸಿಗ್ನಲ್ ಹಿಡಿಯೋ ಭಾಗ) ಕಡೆಯ ವೈರ್‌ನಂತೂ ಟಿವಿಗೆ ಹಾಕಲೇಬೇಡಿ, ಅದರಲ್ಲಿ ಬಾಕ್ಸ್ 13 ಇಲ್ಲಾ 18 ವೋಲ್ಟ್ ಕಳಿಸುತ್ತಿರುತ್ತೆ.

ನಿಮಗೆ ಬೇಕಿರೋದು ಆರ್‌ಎಫ್ ಮಾಡ್ಯುಲೇಟರ್, ಅಂದರೆ ಎವಿ ಸಿಗ್ನಲ್ಲನ್ನ ಟಿವಿ ಆಂಟೆನಾಗೆ ಅರ್ಥ ಆಗೋ ಚಾನೆಲ್ ಆಗಿ ಬದಲಿಸೋ ಸಣ್ಣ ಡಬ್ಬ. ಬಾಕ್ಸ್‌ನ ಎವಿಯಿಂದ ಮಾಡ್ಯುಲೇಟರ್‌ಗೆ, ಅಲ್ಲಿಂದ 75 ಓಮ್ ಕೇಬಲ್‌ನಲ್ಲಿ ಟಿವಿ ಆಂಟೆನಾಗೆ. ಸಾಕೆಟ್ ಬದಲು ಚಪ್ಪಟೆ ವೈರ್ ಕಟ್ಟೋ ಎರಡು ಸ್ಕ್ರೂ ಇದ್ದರೆ ನಡುವೆ 75ರಿಂದ 300 ಓಮ್‌ನ ಬಾಲನ್ (ಎರಡು ಥರದ ವೈರ್ ಹೊಂದಿಸೋ ಸಣ್ಣ ಜೋಡಣೆ) ಬೇಕು.

ಕೊಳ್ಳುವಾಗ ಪಾಲ್-ಬಿ ಅಥವಾ ಪಾಲ್ ಬಿ/ಜಿ ಅಂತ ಬರೆದಿರಲೇಬೇಕು, ಅದು ನಮ್ಮ ಕಡೆಯ ಟಿವಿ ಪದ್ಧತಿ. ನಮ್ಮ ಟಿವಿಗಳು ಧ್ವನಿಯನ್ನು ಚಿತ್ರಕ್ಕಿಂತ 5.5 ಮೆಗಾಹರ್ಟ್ಸ್ ಮೇಲೆ ಹುಡುಕುತ್ತವೆ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗೋ ಎಷ್ಟೋ ಮಾಡ್ಯುಲೇಟರ್‌ಗಳು ಅಮೆರಿಕದ ಲೆಕ್ಕದವು, ಅಲ್ಲಿ ಅಂತರ 4.5. ಚಿತ್ರ ಬರುತ್ತೆ, ಧ್ವನಿ ಜಾಗದಲ್ಲಿ ಬರೀ ಸುಯ್ ಅನ್ನುತ್ತೆ, ಜನ ಸ್ಪೀಕರ್ ಹೋಯ್ತು ಅಂದುಕೊಳ್ಳುತ್ತಾರೆ.

ಟ್ಯೂನ್ ಮಾಡೋದು: ಬಾಕ್ಸ್ ಮೆನು ತೆರೆದಿಡಿ. ಟಿವಿಯಲ್ಲಿ ಖಾಲಿ ಬಟನ್ ಒತ್ತಿ. ಮಾಡ್ಯುಲೇಟರ್ ಚಾನೆಲ್ 3 (55.25 ಮೆಗಾಹರ್ಟ್ಸ್) ಅಥವಾ 4 (62.25) ಆಗಿದ್ದರೆ ಬ್ಯಾಂಡ್ ಸ್ವಿಚ್ ವಿಎಲ್‌ಗೆ, 21ರಿಂದ ಮೇಲಿದ್ದರೆ ಯು. ಎಎಫ್‌ಟಿ (ಟ್ಯೂನಿಂಗನ್ನ ತಾನಾಗೇ ಹಿಡಿದಿಡೋ ಸ್ವಿಚ್) ಆಫ್ ಮಾಡಿ ಚಕ್ರ ನಿಧಾನಕ್ಕೆ ತಿರುಗಿಸಿ, ಚಿತ್ರ, ಧ್ವನಿ ಎರಡೂ ಕೂತ ಮೇಲೆ ಎಎಫ್‌ಟಿ ಆನ್. ಆಮೇಲೆ ಟಿವಿಯಲ್ಲಿ ಆ ಬಟನ್ ಬಿಟ್ಟು ಬೇರೆ ಮುಟ್ಟಬೇಡಿ, ಚಾನೆಲ್ ಬದಲಾಯಿಸೋದೆಲ್ಲ ಬಾಕ್ಸ್ ರಿಮೋಟ್‌ನಲ್ಲೇ.

ಮೂರು_ಪಿನ್:
ಮೇಲಿನವರು ಹೇಳದೆ ಬಿಟ್ಟಿದ್ದು ಎವಿ ವೈರ್ ವಿಷಯ. ಆ 3.5 ಎಂಎಂ ಜ್ಯಾಕ್‌ಗೆ ನಾಲ್ಕು ಭಾಗ ಇರುತ್ತೆ, ಯಾವ ಭಾಗ ಯಾವುದಕ್ಕೆ ಅನ್ನೋದು ಕಂಪನಿಯಿಂದ ಕಂಪನಿಗೆ ಬೇರೆ. ಬಾಕ್ಸ್ ಜೊತೆ ಬಂದ ವೈರೇ ಬಳಸಿ. ಬೇರೆ ವೈರ್ ಹಾಕಿ ಚಿತ್ರ ಬರದಿದ್ದರೆ ಹಳದಿ ಜಾಗಕ್ಕೆ ಕೆಂಪು, ಬಿಳಿ ಒಂದೊಂದಾಗಿ ಹಾಕಿ ನೋಡಿ. ಯಾವುದಕ್ಕೂ ಬರದೆ ಗೊರ್ ಅನ್ನೋ ಸದ್ದು ಮಾತ್ರ ಬಂದರೆ ಗ್ರೌಂಡ್ ತಪ್ಪು ಭಾಗಕ್ಕೆ ಹೋಗಿದೆ, ಆ ವೈರ್ ಎತ್ತಿಡಿ.

ಬಾಕ್ಸ್ ಸೆಟಿಂಗನ್ನ ಮೊದಲೇ ಎಚ್‌ಡಿಎಂಐ ಇರೋ ಟಿವಿಗೆ ಹಾಕಿ ಮುಗಿಸಿಕೊಳ್ಳಿ, ಪಕ್ಕದ ಮನೆಯದಾದರೂ ಸರಿ. ವಿಡಿಯೋ ಪಾಲ್, ಅಳತೆ 4:3 ಲೆಟರ್‌ಬಾಕ್ಸ್, ಆಡಿಯೋ ಮೋನೊ. ಅಮೆರಿಕದ ಪದ್ಧತಿಯಾದ ಎನ್‌ಟಿಎಸ್‌ಸಿಯಲ್ಲಿ ಬಿಟ್ಟರೆ ಹಳೇ ಟಿವಿಯಲ್ಲಿ ಚಿತ್ರ ಕಪ್ಪು-ಬಿಳುಪಾಗುತ್ತೆ ಇಲ್ಲಾ ಮೇಲಕ್ಕೆ ಉರುಳುತ್ತೆ, ಆಗ ಮೆನು ಓದೋಕೂ ಆಗಲ್ಲ. ಮಾಡ್ಯುಲೇಟರ್‌ಗೆ ಆಡಿಯೋ ತೂತು ಒಂದೇ ಇದ್ದರೆ ಬಿಳಿ ಪಿನ್ ಹಾಕಿ ಕೆಂಪನ್ನ ಹಾಗೇ ಬಿಡಿ.

ಎವಿ ತೂತೇ ಇಲ್ಲದ ಬಾಕ್ಸ್ ಆದರೆ ಎಚ್‌ಡಿಎಂಐಯಿಂದ ಎವಿಗೆ ಬದಲಿಸೋ ಕನ್ವರ್ಟರ್ ಬೇಕು, 5 ವೋಲ್ಟ್ ಪವರ್ ತಗೊಳ್ಳೋದೇ ಆಗಿರಲಿ. ಒಂದು ತುದಿ ಎಚ್‌ಡಿಎಂಐ, ಇನ್ನೊಂದು ತುದಿ ಮೂರು ಪಿನ್ ಇರೋ ಬರೀ ಕೇಬಲ್ ದುಡ್ಡು ದಂಡ. ತದ್ವಿರುದ್ಧದ್ದೂ, ಅಂದರೆ ಎವಿಯಿಂದ ಎಚ್‌ಡಿಎಂಐಗೆ ಬದಲಿಸೋದೂ, ಅದೇ ಡಬ್ಬದ ಆಕಾರದಲ್ಲಿ ಬರುತ್ತೆ, ನೋಡಿ ತಗೊಳ್ಳಿ.

ಬೆಸುಗೆ_ಕಡ್ಡಿ:
ಎವಿ ಪಿನ್ ಕೂರಿಸೋ ಮಾತಿಗೆ: ಬೇಡ. ಆ ಕಾಲದ ಎಷ್ಟೋ ಟಿವಿಗಳಲ್ಲಿ ಚಾಸಿ (ಒಳಗಿನ ಸರ್ಕ್ಯೂಟ್‌ನ ಗ್ರೌಂಡ್) ನೇರ ಮೇನ್ಸ್‌ಗೇ, ಅಂದರೆ ಮನೆ ಕರೆಂಟಿಗೇ ತಗುಲಿಕೊಂಡಿರುತ್ತೆ. ಆಂಟೆನಾ ಸಾಕೆಟ್‌ಗೆ ಒಳಗೆ ಕೆಪಾಸಿಟರ್‌ಗಳ ತಡೆ ಇರುತ್ತೆ, ಆದ್ದರಿಂದ ಅದನ್ನು ಮುಟ್ಟಬಹುದು. ಐಸೊಲೇಷನ್ (ಮೇನ್ಸ್‌ನಿಂದ ಬೇರ್ಪಡಿಸೋ ವ್ಯವಸ್ಥೆ) ಇಲ್ಲದೆ ವಿಡಿಯೋ ಲೈನ್‌ನಿಂದ ಪಿನ್ ಎಳೆದರೆ ಬಾಕ್ಸ್‌ನ ಲೋಹಕ್ಕೂ ಡಿಶ್ ಕೇಬಲ್‌ಗೂ, ಆ ಮೂಲಕ ತಾರಸಿ ಮೇಲಿನ ಡಿಶ್‌ಗೂ ಕರೆಂಟ್ ಹತ್ತುತ್ತೆ. ಮಳೆಗಾಲದಲ್ಲಿ ಯಾರೋ ಅದನ್ನು ಮುಟ್ಟಿದರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ. ಪಿಕ್ಚರ್ ಟ್ಯೂಬ್‌ನಲ್ಲಿ 20,000 ವೋಲ್ಟ್ ಮಟ್ಟದ ಚಾರ್ಜು ಸ್ವಿಚ್ ಆರಿಸಿದ ಮೇಲೂ ಉಳಿದಿರುತ್ತೆ, ನೀವಾಗಿ ಹಿಂದಿನ ಮುಚ್ಚಳ ತೆಗೆಯೋ ಯೋಚನೆಯನ್ನೂ ಮಾಡಬೇಡಿ.

ಹೊಸಬ_ಹಾಸನ:
ಪಾಲ್-ಬಿ ಮಾಡ್ಯುಲೇಟರ್ ಹಾಕಿದೆ, ಚಾನೆಲ್ 4ರಲ್ಲಿ ಚಂದನ ಬರ್ತಿದೆ. ಆದರೆ ಪರದೆ ಮೇಲೆ ಬಿಳಿ ಅಕ್ಷರ ಬಂದಾಗೆಲ್ಲ ಧ್ವನಿಯಲ್ಲಿ ಜುಂಯ್ ಅನ್ನುತ್ತೆ. ಅಕ್ಷರ ಹೋದರೆ ನಿಲ್ಲುತ್ತೆ.

ತಂತಿ_ತಮ್ಮಯ್ಯ:
ಮಾಡ್ಯುಲೇಟರ್‌ಗೆ ವಿಡಿಯೋ ಜಾಸ್ತಿ ಹೋಗ್ತಿದೆ. ನಮ್ಮ ಪದ್ಧತಿಯಲ್ಲಿ ಚಿತ್ರ ಬೆಳ್ಳಗಾದಷ್ಟೂ ಕ್ಯಾರಿಯರ್ (ಚಿತ್ರವನ್ನು ಹೊತ್ತು ತರೋ ಅಲೆ) ಬಲ ಇಳಿಯುತ್ತೆ. ಪೂರ್ತಿ ಇಳಿದರೆ ಟಿವಿಗೆ ಧ್ವನಿ ಬಿಡಿಸಿಕೊಳ್ಳೋಕೆ ಆಧಾರವೇ ಇರಲ್ಲ. ಮಾಡ್ಯುಲೇಟರ್ ಪಕ್ಕದಲ್ಲಿ ವಿಡಿಯೋ ಲೆವೆಲ್ ಅಂತ ಸ್ಕ್ರೂ ಇದ್ದರೆ ಕೂದಲೆಳೆಯಷ್ಟು ಕಡಿಮೆ ಮಾಡಿ. ಸ್ಕ್ರೂ ಇಲ್ಲದಿದ್ದರೆ ಬಾಕ್ಸ್ ಮೆನುವಿನಲ್ಲಿ ಕಾಂಟ್ರಾಸ್ಟ್ ಇಳಿಸಿ, ಕಡಿಮೆ ಆದ ಹೊಳಪನ್ನು ಟಿವಿಯ ಗುಂಡಿಯಲ್ಲಿ ಸರಿಮಾಡಿಕೊಳ್ಳಿ. ಅಕ್ಷರ ಇಲ್ಲದಾಗಲೂ ಸದ್ದು ಬಂದು, ಜೊತೆಗೆ ಅಡ್ಡ ಪಟ್ಟಿ ನಿಧಾನಕ್ಕೆ ಏರುತ್ತಿದ್ದರೆ ಮಾತ್ರ ಮಾಡ್ಯುಲೇಟರ್‌ನ ಅಡಾಪ್ಟರ್ ಬದಲಿಸಿ ನೋಡಿ.