ದಿನಕ್ಕೆ ಒಂದೇ ಗಂಟೆ ಸಿಗುವವನಿಗೆ ಯಾವ ಗೇಮ್? (ನನ್ನ ಅಭಿಪ್ರಾಯವೂ ಇದೆ, ಬೈಯೋರು ಬೈಯಿರಿ)

ಬಟವಾಡಿ_ಬಾಯ್ (ತುಮಕೂರು):

ಎಲ್ಲರಿಗೂ ನಮಸ್ಕಾರ. ನಾನು ದೊಡ್ಡ ಗೇಮರ್ ಅಲ್ಲ. ತುಮಕೂರಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಓಡಾಡುವ ಕೆಲಸ. ಮನೆ ಸೇರುವಾಗ ಎಂಟೂವರೆ, ಊಟ ಆಗಿ ಮಗು ಮಲಗಿದ ಮೇಲೆ ಕೈಗೆ ಸಿಗೋದು ಒಂದು ಗಂಟೆ, ಅದೂ ಕರೆಂಟ್ ಇದ್ದರೆ. ಕಂಪ್ಯೂಟರ್ ಹಳೇದು. ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್, 16 ಜಿಬಿ ರ‍್ಯಾಮ್. ಈ ಒಂದು ಗಂಟೆಗೆ ಹೊಂದುವ ಗೇಮ್ ಯಾವುದಿದೆ? ಸುಮ್ನೆ ಹಾಗೆ ಕೇಳಿದರೆ ಎಲ್ಲರೂ ಅದೇ ನಾಲ್ಕು ಹೆಸರು ಹೇಳುತ್ತೀರಿ. ಅದಕ್ಕೇ ನಾನು ಆಡಿದವುಗಳ ಬಗ್ಗೆ ಅನ್ನಿಸಿದ್ದನ್ನು ಮೊದಲೇ ಬರೆದುಬಿಡುತ್ತೇನೆ, ನನ್ನ ರುಚಿ ಗೊತ್ತಾಗಲಿ.

ವೈಸ್ ಸಿಟಿ. ನನ್ನ ವಯಸ್ಸಿನ ಹುಡುಗರಲ್ಲಿ ತುಂಬಾ ಜನ ಶುರು ಮಾಡಿದ್ದು ಅಲ್ಲಿಂದಲೇ. 2002ರ ಗೇಮ್, ಕಂಪ್ಯೂಟರಿಗೆ ಬಂದದ್ದು 2003ರಲ್ಲಿ. ಬಿ.ಎಚ್. ರಸ್ತೆ ಪಕ್ಕದ ಸೈಬರ್ ಸೆಂಟರ್‌ನಲ್ಲಿ ಒಬ್ಬ ಆಡೋದು, ಮಿಕ್ಕವರು ಕುರ್ಚಿ ಹಿಂದೆ ನಿಂತು "ಲೆಫ್ಟ್ ತಗೋ, ಲೆಫ್ಟ್ ತಗೋ" ಅಂತ ಕೂಗೋದು. ಕಥೆ ಏನು ಅಂತ ಒಬ್ಬರಿಗೂ ಗೊತ್ತಿರಲಿಲ್ಲ. ಪ್ಯಾಂಜರ್ ಅಂತ ಟೈಪ್ ಮಾಡಿದರೆ ಟ್ಯಾಂಕ್ ಬರುತ್ತದೆ, ಆಸ್ಪಿರಿನ್ ಅಂದರೆ ಪ್ರಾಣ ತುಂಬುತ್ತದೆ, ಅಷ್ಟೇ ನಮ್ಮ ಪಾಂಡಿತ್ಯ. ಈಚೆಗೆ ಮತ್ತೆ ಹಾಕಿಕೊಂಡು ಆಡಿದೆ. ಆ ರೇಡಿಯೊ, ಬೀಚು, ರಾತ್ರಿಯ ನಿಯಾನ್ ಲೈಟು ಎಲ್ಲ ಈಗಲೂ ಚೆನ್ನ. ಆದರೆ ರಿಮೋಟ್ ಹೆಲಿಕಾಪ್ಟರ್ ಓಡಿಸಿ ಕಟ್ಟಡದೊಳಗೆ ನಾಲ್ಕು ಬಾಂಬ್ ಇಡುವ ಮಿಷನ್ ಇದೆಯಲ್ಲ, ಅದನ್ನು ಮಾಡಿದವನಿಗೆ ನಮ್ಮೆಲ್ಲರ ಶಾಪ ತಟ್ಟಲಿ. ರೆಕ್ಕೆ ಗೋಡೆಗೆ ತಾಗುತ್ತದೆ, ಟೈಮ್ ಓಡುತ್ತಿರುತ್ತದೆ, ಕೆಲಸಗಾರರು ಅಟ್ಟಿಸಿಕೊಂಡು ಬಂದು ಹೊಡೆಯುತ್ತಾರೆ, ಮಧ್ಯದಲ್ಲಿ ಸೇವ್ ಮಾಡುವಂತೆಯೂ ಇಲ್ಲ. ಆಗ ತಾಳ್ಮೆ ಇತ್ತು. ಈಗಿಲ್ಲ.

ಕಾರ್ ಗೇಮ್ ಅಂದರೆ ನನಗೆ 2005ರ ಮೋಸ್ಟ್ ವಾಂಟೆಡ್. ಶುರುವಿನಲ್ಲೇ ರೇಜರ್ ಅನ್ನುವವನು ಮೋಸದಿಂದ ನಮ್ಮ ಬಿಎಂಡಬ್ಲ್ಯೂ ಹೊಡೆದುಕೊಂಡು ಹೋಗುತ್ತಾನೆ. 15 ಜನರನ್ನು ಒಬ್ಬೊಬ್ಬರಾಗಿ ಸೋಲಿಸಿ ಅದನ್ನು ವಾಪಸ್ ತರಬೇಕು. ಅಷ್ಟು ಸಿಟ್ಟು ಸಾಕು, ಆಟ ತಾನಾಗೇ ಓಡುತ್ತದೆ. ಪೊಲೀಸರು ಹಿಂದೆ ಬಿದ್ದಾಗ ಅಂಗಡಿ ಮೇಲಿನ ಆ ದೊಡ್ಡ ಡೋನಟ್ ಅನ್ನು ಅವರ ಮೇಲೆ ಬೀಳಿಸಿ ತಪ್ಪಿಸಿಕೊಂಡವರಿಗೆ ಗೊತ್ತು ಅದರ ಮಜಾ. ಈಗಿನವು ಆಟ ಶುರುವಾಗುವ ಮೊದಲೇ ನಾಲ್ಕೈದು ಕಾರ್ ಕೈಗಿಟ್ಟು ಚಪ್ಪಾಳೆ ತಟ್ಟುತ್ತವೆ. ಆಮೇಲೆ ನಾನು ಯಾಕೆ ಓಡಿಸಬೇಕು?

ಇಎ ಕ್ರಿಕೆಟ್ 07. ಬಂದದ್ದು 2006ರ ಕೊನೆಗೆ, ಆ ಕಂಪನಿ ಕಂಪ್ಯೂಟರಿಗೆ ಮಾಡಿದ ಕೊನೇ ಕ್ರಿಕೆಟ್ ಅದೇ. ಅಭಿಮಾನಿಗಳು ಇವತ್ತಿಗೂ ಪ್ಯಾಚ್ ಹಾಕಿ ಹೊಸ ತಂಡ, ಹೊಸ ಜರ್ಸಿ ತುಂಬುತ್ತಾರೆ. ಬೌಲಿಂಗ್ ಬೋರು. ಬ್ಯಾಟಿಂಗ್ ಒಂದು ಸಲ ಕೈಗೆ ಕುದುರಿದರೆ ಐದು ಓವರಿಗೆ ನೂರು ರನ್. ಅದನ್ನು ಕ್ರಿಕೆಟ್ ಅನ್ನೋಕಾಗಲ್ಲ ಬಿಡಿ. ಆದರೂ ಒಂದು ಮ್ಯಾಚ್ ಮುಗಿಸಿ ಸಮಾಧಾನವಾಗಿ ಎದ್ದು ಹೋಗಬಹುದು.

ಈಗ ಬೈಗುಳ ಬೀಳುವ ಜಾಗಕ್ಕೆ ಬರೋಣ. ವಿಚರ್ 3, ದುಡ್ಡಿಗೆ ರಾಕ್ಷಸರನ್ನು ಬೇಟೆಯಾಡುವವನ ಕಥೆ. ಅದರೊಳಗಿನ ಬ್ಲಡಿ ಬ್ಯಾರನ್ ಕಥೆ ಮುಗಿಯೋವರೆಗೆ ಬಾಯಿ ಬಿಟ್ಟುಕೊಂಡು ಆಡಿದೆ. ಹೆಂಡತಿಗೆ ಹೊಡೆಯುವ ಕುಡುಕನ ಮೇಲೂ ಅಯ್ಯೋ ಅನ್ನಿಸುವ ಹಾಗೆ ಬರೆದಿದ್ದಾರೆ, ಅದು ಸುಲಭ ಅಲ್ಲ. ಆಮೇಲೆ ಏನು? ಮ್ಯಾಪ್ ತುಂಬಾ ಪ್ರಶ್ನೆ ಚಿಹ್ನೆ. ಸಮುದ್ರದ ಮೇಲೂ ಪ್ರಶ್ನೆ ಚಿಹ್ನೆ. ಒಂದು ವಾರ ಬಿಟ್ಟು ಕೂತರೆ ಯಾರು ಯಾರಿಗೆ ಏನಾಗಬೇಕು, ಈ ಗವಿಗೆ ನಾನು ಬಂದದ್ದು ಯಾಕೆ ಅನ್ನೋದೇ ಮರೆತುಹೋಗಿರುತ್ತದೆ. ಕೊನೆಗೆ ಅದರೊಳಗಿನ ಗ್ವೆಂಟ್ ಅನ್ನುವ ಎಲೆ ಆಟ ಮಾತ್ರ ಆಡುತ್ತಿದ್ದೆ.

ಕೌಬಾಯ್ ಗೇಮ್ ರೆಡ್ ಡೆಡ್ 2 ಕೂಡ ಹಾಗೇ. 150 ಜಿಬಿ ಜಾಗ ಕೇಳುತ್ತದೆ, ಕೊಟ್ಟೆ. ಇಷ್ಟು ಚೆಂದದ ಗೇಮ್ ನಾನು ನೋಡಿಲ್ಲ, ಕೆಸರಿನಲ್ಲಿ ಕುದುರೆ ಕಾಲಿಡೋದನ್ನು ನೋಡುತ್ತಾ ಕೂತುಬಿಡಬಹುದು. ಆದರೆ ಕ್ಯಾಂಪ್ ಒಳಗೆ ಓಡೋಕೂ ಬಿಡುವುದಿಲ್ಲ ಮಾರಾಯರೇ. ಜಿಂಕೆ ಹೊಡೆದರೆ ಚರ್ಮ ಸುಲಿಯೋದನ್ನು ಪೂರ್ತಿ ನೋಡಬೇಕು, ಮನೆಯೊಳಗೆ ಹೊಕ್ಕರೆ ಡ್ರಾ ಒಂದೊಂದೇ ಎಳೆಯಬೇಕು. ಒಂದು ರಾತ್ರಿ ಕುದುರೆ ಹತ್ತಿ ಪಟ್ಟಣ ಸೇರಿ, ಹೋಟೆಲಿನಲ್ಲಿ ಆ ಹೀರೊ ಆರ್ಥರನಿಗೆ ಸ್ನಾನ ಮಾಡಿಸುವಷ್ಟರಲ್ಲಿ ನನ್ನ ಗಂಟೆ ಮುಗಿಯಿತು. ಆಫೀಸಿಂದ ಬಂದು ನಾನಿನ್ನೂ ಸ್ನಾನ ಮಾಡಿರಲಿಲ್ಲ.

ಎಲ್ಡನ್ ರಿಂಗ್ ಬಗ್ಗೆ ಕಷ್ಟ ಅಂತ ನನ್ನ ದೂರಲ್ಲ. ಪಾಜ್ ಬಟನ್ ಇಲ್ಲ, ಅದು ದೂರು. ಒಬ್ಬನೇ ಕೂತು ಆಡುತ್ತಿದ್ದರೂ ನಿಲ್ಲಿಸುವಂತಿಲ್ಲ. ಮಗು ಎದ್ದು ಅತ್ತರೆ ಶುರುವಿನಲ್ಲೇ ಬರುವ ಆ ಚಿನ್ನದ ಕುದುರೆ ಸವಾರ ಕಾಯುತ್ತಾನಾ?

ಫೋನಿನಲ್ಲಿ ರೈಲಲ್ಲಿ ಬಿಜಿಎಂಐ ಅನ್ನುವ ಶೂಟಿಂಗ್ ಗೇಮ್ ಆಡುತ್ತಿದ್ದೆ. 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ನಿಷೇಧ, 2021ರ ಜುಲೈನಲ್ಲಿ ಬಿಜಿಎಂಐ ಅಂತ ವಾಪಸ್, 2022ರಲ್ಲಿ ಮತ್ತೆ ಸ್ಟೋರಿಂದ ಮಾಯ, 2023ರಲ್ಲಿ ಮತ್ತೆ ಪ್ರತ್ಯಕ್ಷ. ನಮ್ಮ ಬೋಗಿಯಲ್ಲಿ ಅದರ ಬಗ್ಗೆ ಬಜೆಟ್‌ಗಿಂತ ಜಾಸ್ತಿ ಚರ್ಚೆ ನಡೆದಿದೆ. ದೊಡ್ಡ ಮ್ಯಾಪ್ ಅರ್ಧ ಗಂಟೆ ಹಿಡಿಯುತ್ತದೆ, ಕೊನೇ ಹತ್ತು ಜನ ಉಳಿದಾಗಲೇ ನೆಟ್‌ವರ್ಕ್ ಹೋಗುತ್ತದೆ. ಈಗ ರೈಲಿನಲ್ಲಿ ನಿದ್ದೆ ಮಾಡುತ್ತೇನೆ.

ಇಷ್ಟು ನೋಡಿ, ಏನು ಆಡಲಿ ಹೇಳಿ.

ಮಂಡಿ_ಟೊಮೆಟೊ (ಕೋಲಾರ):

ಅಣ್ಣ, ಸ್ಟಾರ್‌ಡ್ಯೂ ವ್ಯಾಲಿ. ಬೇರೆ ಯೋಚನೆ ಬೇಡ.

2016ರಲ್ಲಿ ಬಂದದ್ದು, ಎರಿಕ್ ಬರೋನ್ ಅನ್ನುವ ಒಬ್ಬನೇ ಕೂತು ಚಿತ್ರ, ಸಂಗೀತ, ಕೋಡ್ ಎಲ್ಲ ಮಾಡಿದ ಬೇಸಾಯದ ಗೇಮ್. ನಿಮಗೆ ಯಾಕೆ ಹೊಂದುತ್ತದೆ ಅಂದರೆ ಅದರೊಳಗಿನ ಒಂದು ದಿನ ಅಂದರೆ ನಮ್ಮ 14 ನಿಮಿಷ. ಮಲಗಿದರೆ ಸೇವ್ ಆಗುತ್ತದೆ. ಗಂಟೆಯಲ್ಲಿ ನಾಲ್ಕು ದಿನದ ಬೇಸಾಯ ಮುಗಿಸಿ ನೀವೂ ಮಲಗಿ. ನಿಮ್ಮ ಕಂಪ್ಯೂಟರ್ ಅದಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ಆಯಿತು.

ನಮ್ಮದು ಟೊಮೆಟೊ ಬೆಳೆಯುವ ಮನೆ. ಮೊದಲ ಸಲ ಆಡಿದಾಗ ನಗು ಬಂತು, ಆಮೇಲೆ ಹೊಟ್ಟೆಕಿಚ್ಚು ಬಂತು. ಬೇಸಿಗೆಗೆ ಟೊಮೆಟೊ ಬೀಜ 50 ದುಡ್ಡಿಗೆ ಸಿಗುತ್ತದೆ, 11 ದಿನಕ್ಕೆ ಹಣ್ಣು, ಆಮೇಲೆ ನಾಲ್ಕು ದಿನಕ್ಕೊಮ್ಮೆ ಕೀಳುತ್ತಲೇ ಇರಬಹುದು. ಒಂದು ಹಣ್ಣಿಗೆ 60. ಒಂದು ಹಾಕಿದರೂ 60, ಐನೂರು ಹಾಕಿದರೂ 60! ಸಂಜೆ ಮನೆ ಪಕ್ಕದ ಪೆಟ್ಟಿಗೆಯಲ್ಲಿ ಸುರಿದರೆ ಬೆಳಗ್ಗೆ ದುಡ್ಡು ಬಂದಿರುತ್ತದೆ. ದಲ್ಲಾಳಿ ಇಲ್ಲ, ಕಮಿಷನ್ ಇಲ್ಲ, ಲಾರಿ ಬಾಡಿಗೆ ಇಲ್ಲ. 2023ರ ಜುಲೈನಲ್ಲಿ ನಮ್ಮ ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸ್ 2000 ರೂಪಾಯಿ ದಾಟಿತ್ತು, ನೆನಪಿದೆಯಾ? ಅದೇ ಬಾಕ್ಸಿಗೆ ಕೀಳೋ ಕೂಲಿಯೂ ಗಿಟ್ಟದೆ ರಸ್ತೆ ಪಕ್ಕ ಸುರಿದು ಬಂದದ್ದೂ ಇದೆ. ಗೇಮಿನಲ್ಲಿ ಅಂಥ ಎದೆಬಡಿತವೇ ಇಲ್ಲ. ಬೋರ್‌ವೆಲ್ ಕೊರೆಸಬೇಕಿಲ್ಲ, ಕೆರೆಗೆ ಕ್ಯಾನ್ ಅದ್ದಿದರೆ ನೀರು, ಕೆರೆ ಖಾಲಿಯೂ ಆಗಲ್ಲ. ಮಳೆ ಬಂದ ದಿನ ನೀರು ಹಾಯಿಸೋ ಕೆಲಸ ಉಳಿಯಿತು ಅಂತ ಗಣಿಗೆ ಹೋಗಬಹುದು.

ನಮ್ಮಪ್ಪ ಒಂದು ಸಲ ಹಿಂದೆ ನಿಂತು ನೋಡಿದರು. "ಊಜಿ ನೊಣ ಇಲ್ಲ, ಅಂಗಮಾರಿ ಇಲ್ಲ, ಇದೆಂಥ ಟೊಮೆಟೊ" ಅಂದು ಹೋದರು.

ಒಂದೇ ತೊಂದರೆ, 28 ದಿನಕ್ಕೆ ಕಾಲ ಬದಲಾದರೆ ಹೊಲದಲ್ಲಿರುವ ಹೆಚ್ಚಿನ ಬೆಳೆ ಒಣಗಿಹೋಗುತ್ತದೆ. ಕೊನೇ ವಾರದಲ್ಲಿ ಬೀಜ ಹಾಕಬೇಡಿ. ಮತ್ತೆ ಬೆದರುಬೊಂಬೆ ಮರೆಯಬೇಡಿ, ಕಾಗೆ ಬರುತ್ತವೆ.

ಮಾರ್ಗಿಟ್_ಭಕ್ತ (ತುಮಕೂರು):

ಅಣ್ಣಾ ವಿಚರ್, ರೆಡ್ ಡೆಡ್ ಬಗ್ಗೆ ಏನು ಬೇಕಾದರೂ ಹೇಳಿಕೊಳ್ಳಿ, ಎಲ್ಡನ್ ರಿಂಗ್ ತಂಟೆಗೆ ಬಂದರೆ ಸುಮ್ಮನಿರೋಕಾಗಲ್ಲ 😄

ಪಾಜ್ ಇಲ್ಲ ಅನ್ನೋದು ನಿಜ, ಒಪ್ಪುತ್ತೇನೆ. ಆದರೆ ಯಾವಾಗ ಬೇಕಾದರೂ ಕ್ವಿಟ್ ಮಾಡಿ, ಮತ್ತೆ ತೆರೆದರೆ ನಿಂತಿದ್ದ ಜಾಗದಲ್ಲೇ ಇರುತ್ತೀರಿ. ಕರೆಂಟ್ ಹೋದರೂ ಜಾಸ್ತಿ ಏನೂ ಕಳೆದುಕೊಳ್ಳಲ್ಲ, ಅದು ತಾನೇ ಸೇವ್ ಮಾಡುತ್ತಲೇ ಇರುತ್ತದೆ. ನಿಮ್ಮ ವೈಸ್ ಸಿಟಿಯಲ್ಲಿ ಇದೆಯಾ ಇದು? ಇನ್ನು ಆ ಚಿನ್ನದ ಸವಾರ. ಅವನ ಹತ್ತಿರ ಹೋಗು ಅಂತ ಯಾರೂ ಹೇಳಿಲ್ಲ. ಪಕ್ಕದಿಂದ ಹೊರಟುಹೋಗಬಹುದು, ಕುದುರೆ ಸಿಕ್ಕಿ ಸ್ವಲ್ಪ ಬಲ ಬಂದ ಮೇಲೆ ವಾಪಸ್ ಬಂದು ಸೇಡು ತೀರಿಸಿಕೊಳ್ಳಬಹುದು. ನೀವು ರೇಜರ್ ಮೇಲಿನ ಸಿಟ್ಟಿಗೆ ಆಡಿದಿರಿ ಅಂದಿರಲ್ಲ, ಇದೂ ಅದೇ ಸಿಟ್ಟು. ಯಾರೂ ಕಥೆ ಹೇಳಿ ಹುಟ್ಟಿಸಿದ್ದಲ್ಲ, ನಿಮ್ಮದೇ ಸ್ವಂತದ್ದು, ಅಷ್ಟೇ ವ್ಯತ್ಯಾಸ.

ಅದು ಬೇಡ ಅಂದರೆ ರಾಕೆಟ್ ಲೀಗ್ ಹಾಕಿ. ಕಾರಿನಲ್ಲಿ ಫುಟ್‌ಬಾಲ್. ಮ್ಯಾಚ್ ಐದು ನಿಮಿಷ, 2020ರಿಂದ ಪುಕ್ಕಟೆ. ಮೊದಲು ಚೆಂಡಿಗೆ ತಾಗಿಸೋಕೇ ಆಗಲ್ಲ, ಎದುರಾಳಿ ಗಾಳಿಯಲ್ಲಿ ಹಾರಿಕೊಂಡು ಗೋಲ್ ಹಾಕುತ್ತಿರುತ್ತಾನೆ, ಅವನು ಎಂಟನೇ ಕ್ಲಾಸ್ ಹುಡುಗ ಇರಬಹುದು, ಬೇಜಾರಾಗಬೇಡಿ.

ನಂದಿ_ತಪ್ಪಲು (ಚಿಕ್ಕಬಳ್ಳಾಪುರ):

ಎಲ್ಲ ಒಬ್ಬೊಬ್ಬರೇ ಆಡುವುದನ್ನೇ ಹೇಳುತ್ತಿದ್ದೀರಿ. ಮಗು ಮಲಗಿದ ಮೇಲೆ ಮನೆಯವರೂ ಎದ್ದಿರುತ್ತಾರೆ ಅಲ್ವಾ? ಇಟ್ ಟೇಕ್ಸ್ ಟೂ ನೋಡಿ. ಒಬ್ಬರೇ ಆಡೋಕೆ ಬರೋದೇ ಇಲ್ಲ, ಇಬ್ಬರು ಬೇಕೇ ಬೇಕು. ಡೈವೋರ್ಸ್‌ಗೆ ಹೊರಟ ಗಂಡ ಹೆಂಡತಿ ಗೊಂಬೆಗಳಾಗಿ ಅವರ ಮನೆಯಲ್ಲೇ ಸಿಕ್ಕಿಹಾಕಿಕೊಳ್ಳುವ ಕಥೆ. ಕೆಲವು ಕಡೆ ಅವಳ ಕೈಗೆ ಸುತ್ತಿಗೆ, ಅವನ ಕೈಗೆ ಮೊಳೆ. ಅವನು ಗೋಡೆಗೆ ಮೊಳೆ ಎಸೆದು ಸಿಕ್ಕಿಸಬೇಕು, ಅವಳು ಸುತ್ತಿಗೆ ತಗುಲಿಸಿಕೊಂಡು ಅದರ ಮೇಲೆ ಜೋತಾಡಿ ಆಚೆ ದಡ ಸೇರಬೇಕು. ನಮ್ಮ ಯಜಮಾನರು ಮೊಳೆ ಎಸೆಯೋದು ತಡ ಮಾಡಿ ನಾನು ಬಿದ್ದಷ್ಟು ಸಲ ಬೇರೆ ಯಾವ ಗೇಮಿನಲ್ಲೂ ಬಿದ್ದಿಲ್ಲ. 2021ರ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಗೇಮ್ ಅಂತ ಬಹುಮಾನ ಬಂದದ್ದು ಇದಕ್ಕೇ. ಒಂದು ಕಾಪಿ ಕೊಂಡರೆ ದೂರದಲ್ಲಿರುವ ಎರಡನೆಯವರು ಪುಕ್ಕಟೆ ಸೇರಬಹುದು, ನನ್ನ ತಂಗಿ ಜೊತೆ ಹಾಗೇ ಎರಡನೇ ಸಲ ಆಡುತ್ತಿದ್ದೇನೆ. ಗೇಮ್‌ಪ್ಯಾಡ್ ಎರಡಿದ್ದರೆ ಒಳ್ಳೇದು. ಒಂದೇ ಕೀಬೋರ್ಡಿನಲ್ಲಿ ಇಬ್ಬರು ಆಡೋಕೆ ಬರಲ್ಲ, ಬಂದಿದ್ದರೆ ಕಥೆಯಲ್ಲಿರುವ ಡೈವೋರ್ಸ್ ನಿಜ ಆಗುತ್ತಿತ್ತು.

ಕಥೆಯಲ್ಲಿ ಅವರಿಬ್ಬರನ್ನು ಒಂದು ಮಾಡೋಕೆ ಬರುವ ಮಾತಾಡುವ ಪುಸ್ತಕ ಒಂದಿದೆ, ಅದರ ಬೋಧನೆ ಸ್ವಲ್ಪ ಜಾಸ್ತಿ, ಆ ಪುಸ್ತಕದ ಮುಖ ಕಂಡರೇ ಸಿಟ್ಟು ಬರುತ್ತದೆ. ಆನೆ ಗೊಂಬೆಗೆ ಅವರು ಮಾಡುವುದನ್ನು ನಾನಿನ್ನೂ ಕ್ಷಮಿಸಿಲ್ಲ. ಆಡಿದವರಿಗೆ ಗೊತ್ತು.

ಫೋನ್ ಗೇಮ್ ಬಗ್ಗೆ ಇನ್ನೊಂದು ಮಾತು. ನಮ್ಮತ್ತೆ ಕ್ಯಾಂಡಿ ಕ್ರಷ್ ಆಡುತ್ತಾರೆ. ಐದು ಪ್ರಾಣ ಮುಗಿದರೆ ಒಂದೊಂದಕ್ಕೆ ಅರ್ಧ ಗಂಟೆ ಕಾಯಬೇಕು. ಅವರು ಕಾಯುವುದಿಲ್ಲ, ನನ್ನ ಫೋನ್ ತೆಗೆದುಕೊಳ್ಳುತ್ತಾರೆ. ದುಡ್ಡು ಮಾತ್ರ ಒಂದು ರೂಪಾಯಿ ಕೊಟ್ಟಿಲ್ಲ. ಆ ಕಂಪನಿಯನ್ನು ಸೋಲಿಸಿದವರು ಅಂದರೆ ಅವರೇ.

ಎಲೆ_ರಾಯ (ಕ್ಯಾತ್ಸಂದ್ರ):

ಗುರು, ನೀನೇ ಹೇಳಿದೆ ವಿಚರ್‌ನಲ್ಲಿ ಎಲೆ ಆಟ ಮಾತ್ರ ಚೆನ್ನಾಗಿತ್ತು ಅಂತ. ಉತ್ತರ ಅಲ್ಲೇ ಇದೆ. ಬಲಾಟ್ರೊ ಆಡು. 2024ರದ್ದು, ಇದೂ ಒಬ್ಬನೇ ಮಾಡಿದ್ದು. ಪೋಕರ್ ಎಲೆಗಳು, ಜೊತೆಗೆ 150 ಥರದ ಜೋಕರ್. ಒಂದು ಜೋಕರ್ ಜೋಡಿಗೆ ಅಂಕ ಕೊಡುತ್ತದೆ, ಇನ್ನೊಂದು ಅದನ್ನು ಗುಣಿಸುತ್ತದೆ, ಯಾವುದರ ಪಕ್ಕ ಯಾವುದನ್ನಿಟ್ಟೆ ಅನ್ನೋದರ ಮೇಲೆ ಸಾವಿರ ಬರೋ ಜಾಗದಲ್ಲಿ ಲಕ್ಷ ಬರುತ್ತದೆ. ಆ ಅಂಕಿಗಳಿಗೆ ಬೆಂಕಿ ಹತ್ತಿಕೊಂಡು ಉರಿಯುವುದನ್ನು ನೋಡಿದರೆ ಎದ್ದು ಹೋಗೋಕೆ ಮನಸ್ಸು ಬರಲ್ಲ. ಮಧ್ಯದಲ್ಲಿ ನಿಲ್ಲಿಸಿದರೂ ನಾಳೆ ಅಲ್ಲಿಂದಲೇ.

ಇಸ್ಪೀಟು ಅಂದ ತಕ್ಷಣ ಮನೆಯಲ್ಲಿ ಹುಬ್ಬೇರಿಸುತ್ತಾರೆ ಅಂತ ಗೊತ್ತು. ಇದರಲ್ಲಿ ದುಡ್ಡು ಕಟ್ಟೋದು ಇಲ್ಲ, ಒಂದು ಸಲ ಕೊಂಡರೆ ಮುಗಿಯಿತು. ದುಡ್ಡು ಕಟ್ಟಿಸುವ ರಮ್ಮಿ ಆ್ಯಪ್‌ಗಳಿಗೆ 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾನೂನೇ ಬಂತು, ಒಳ್ಳೇದೇ ಆಯಿತು. ನಮ್ಮ ಬೀದಿಯಲ್ಲಿ ಬೈಕ್ ಮಾರಿಕೊಂಡವರಿದ್ದಾರೆ.

ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ತಗೊಂಡರೆ ಇನ್ನೊಂದು ಲಾಭ. ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ನಿನ್ನ ಲೆಕ್ಕದಲ್ಲಿ ಎರಡು ರಾತ್ರಿ.

ಬಟವಾಡಿ_ಬಾಯ್ (ತುಮಕೂರು):

ಆ ಎರಡು ಗಂಟೆ ವಿಷಯ ಮೊದಲೇ ಗೊತ್ತಿದ್ದರೆ ರೆಡ್ ಡೆಡ್ ಸ್ನಾನದ ದಿನವೇ ವಾಪಸ್ ಕೊಡುತ್ತಿದ್ದೆ 😅

ಕೋಲಾರದವರು ಹೇಳಿದ್ದು ನಿನ್ನೆ ರಾತ್ರಿ ಹಾಕಿದೆ. ಒಂದು ಹೊಲ ಕಳೆ ಕಿತ್ತು, ಕಲ್ಲು ಒಡೆದು, ಒಂದಿಷ್ಟು ಬೀಜ ಹಾಕುವಷ್ಟರಲ್ಲಿ ಮೂರು ದಿನ ಹೋಯಿತು. ಹೆಂಡತಿ ನೋಡಿ, ಹಿತ್ತಲಿನಲ್ಲಿ ಕರಿಬೇವಿನ ಗಿಡಕ್ಕೆ ನೀರು ಹಾಕು ಅಂದರೆ ಆಗಲ್ಲ, ಇಲ್ಲಿ ಹಾಕುತ್ತೀಯ ಅಂದಳು. ಅವಳಿಗೆ ಇಟ್ ಟೇಕ್ಸ್ ಟೂ ವಿಡಿಯೊ ತೋರಿಸಿದೆ. ಸುತ್ತಿಗೆ ನನಗೇ ಬೇಕು ಅಂದಿದ್ದಾಳೆ, ಸಂಬಳ ಬಂದ ಮೇಲೆ ನೋಡಬೇಕು. ಬಲಾಟ್ರೊ ಫೋನಿಗೂ ಬರುತ್ತಂತಲ್ಲ, ನೆಟ್‌ವರ್ಕ್ ಇಲ್ಲದೆ ಆಡಬಹುದಾ? ಆಡಬಹುದು ಅಂದರೆ ರೈಲಿಗೆ ಅದೇ.

ಎಲ್ಡನ್ ರಿಂಗ್ ತಮ್ಮಾ, ಸವಾರನ ಪಕ್ಕದಿಂದ ಹೋಗಬಹುದು ಅಂದೆ ಅಲ್ಲ, ಒಂದು ರಾತ್ರಿ ನೋಡುತ್ತೇನೆ. ಒಂದೇ.

ಎಲೆ_ರಾಯ (ಕ್ಯಾತ್ಸಂದ್ರ):

ನೆಟ್ ಇಲ್ಲದೆಯೂ ಆಡಬಹುದು ಗುರು. ಇಳಿಯೋ ಸ್ಟೇಷನ್ ಮಾತ್ರ ನೋಡಿಕೋ.

ಮಂಡಿ_ಟೊಮೆಟೊ (ಕೋಲಾರ):

ಬೆದರುಬೊಂಬೆ ಇಟ್ಟಿರಾ ಅಣ್ಣ?