ಬಿಡಬೇಕಂತ ಮನಸ್ಸದ, ಆದ್ರ ಅಂಜಿಕಿ ಬರ್ತದ್ರಿ

ಪ್ರಶ್ನೆ (ಹೆಸರು ಬ್ಯಾಡ್ರಿ, ಕಲಬುರಗಿ): ಡಾಕ್ಟ್ರೇ ನಮಸ್ಕಾರ. ನನಗ 38 ವರ್ಷ, ತೊಗರಿ ಬ್ಯಾಳಿ ಮಿಲ್‌ನಾಗ ಕೆಲಸ. ಕುಡ್ಯಾಕ ಹತ್ತಿ 11 ವರ್ಷ ಆತು, ಈಗ ದಿನಾ ಒಂದು ಕ್ವಾರ್ಟರ್ ಮ್ಯಾಲ ಇನ್ನೊಂದು ನೈಂಟಿ ಬೇಕು, ಮುಂಜಾನಿ ಎದ್ದಕೂಡ್ಲೆ ಒಂದಿಷ್ಟು ಹಾಕ್ಲಿಲ್ಲಂದ್ರ ಕೈ ನಡಗತಾವ, ಬಸಿಯಾಗ ಚಾ ಹಾಕ್ಕೊಂಡ್ರ ಬಾಯಿಗಿ ಬರೂದ್ರಾಗ ಅಂಗಿ ಮ್ಯಾಲ ಚೆಲ್ತದ. ಹೆಂಡ್ತಿ ಕರ್ಕೊಂಡು ಎರಡ್ ಸರ್ತಿ ದವಾಖಾನಿಗಿ ಹೋಗಿ ಚೀಟಿ ಲೈನ್‌ನಾಗ ನಿಂತು ತಿರುಗಿ ಬಂದೀನಿ. ಬಿಟ್ಟ ಮ್ಯಾಲ ನಿದ್ದಿ ಹ್ಯಾಂಗ ಬರ್ತದ, ದೋಸ್ತರ ಕೂಡ ಹ್ಯಾಂಗ ಕೂಡ್ಲಿ, ಮತ್ತ ಕುಡದ್ರ ಮಂದಿ ಏನಂತಾರ ಅಂತ ತಲಿ ತುಂಬ ಅದೇ. ಪೂರ್ತಿ ಮನಸ್ಸು ಗಟ್ಟಿ ಆದ್ಮ್ಯಾಲೆ ಬರ್ಲೇನ್ರಿ?

ಡಾಕ್ಟರ್: ಬ್ಯಾಡ್ರಿ ಅಣ್ಣಾರೆ, ಅರ್ಧ ಮನಸ್ಸು ತಗೊಂಡೇ ಬರ್ರಿ. ಪೂರ್ತಿ ಗಟ್ಟಿ ಮಾಡ್ಕೊಂಡು ಬಂದವ್ರನ್ನ ನಾ ನೋಡಿದ್ದು ಭಾಳ ಕಮ್ಮಿ. ಲೈನ್ ತನಕ ಹೋಗಿದ್ದೂ ನೀವೇ, ತಿರುಗಿ ಬಂದಿದ್ದೂ ನೀವೇ, ಎರಡೂ ಖರೇನೆ, ಅದಕ್ಕ ನಿಮ್ಮನ್ನ ನೀವು ಬೈಕೋಬ್ಯಾಡ್ರಿ.

ನಿಮ್ಮ ಅಂಜಿಕಿಗಿ ಮೈಯಾಗೂ ಕಾರಣ ಅದ. ಶೆರಿ ಮಿದುಳನ್ನ ತಣ್ಣಗ ಮಾಡ್ತದ, ವರ್ಷಗಟ್ಲೆ ಕುಡದವ್ರ ಮಿದುಳು ಅದಕ್ಕ ಎದುರು ತನ್ನ ಓಟ ಜೋರು ಮಾಡ್ಕೊಂಡಿರ್ತದ, ಒಮ್ಮೆಲೇ ಶೆರಿ ನಿಂತ್ರ ಆ ಜೋರಷ್ಟೇ ಉಳೀತದ. 6ರಿಂದ 24 ತಾಸಿನಾಗ ನಡುಕ, ಬೆವರು, ಮುಂದ ಎರಡು ದಿನದೊಳಗ ಕೆಲವ್ರಿಗಿ ಫಿಟ್ಸ್, ಎರಡರಿಂದ ನಾಕನೇ ದಿನದಾಗ ಇಲ್ಲದ್ದು ಕಾಣೂದು, ಮನಿಯವ್ರ ಗುರ್ತು ಸಿಗಲಾರದ್ದು, ಅದು ಜೀವಕ್ಕ ಕುತ್ತು. ಅದಕ್ಕ ಮುಂಜಾನಿ ನಡುಕ ಇದ್ದವ್ರು ಶರಣಬಸಪ್ಪನ ಗುಡಿಯಾಗ ಆಣಿ ಮಾಡಿ ಮನ್ಯಾಗ ಒಬ್ರೇ ಬಿಡಬಾರ್ದು, ಆಣಿ ಮಾಡ್ರಿ, ಆದ್ರ ದವಾಖಾನಿಗೂ ಬರ್ರಿ. ಗುಳಗಿ ಕೊಟ್ಟು ಕೆಲವು ದಿನದಾಗ ಕಮ್ಮಿ ಮಾಡ್ಕೋತ ಹೋಗ್ತೀವಿ, ಬಿ1 ವಿಟಮಿನ್ ಇಂಜೆಕ್ಷನ್ ಹಾಕ್ತೀವಿ, ಯಾಕಂದ್ರ ಕುಡಿಯೋವ್ರಲ್ಲಿ ಅದು ಭಾಳ ಕಮ್ಮಿ ಆಗಿರ್ತದ, ನೆನಪಿಗೇ ಪೆಟ್ಟು ಬೀಳ್ತದ. ನಿದ್ದಿ ಮಾತ್ರ ಸರಿಯಾಗ್ಲಾಕ ವಾರಗಟ್ಲೆ ಹಿಡೀತದ, ಸುಳ್ಳು ಹೇಳಲ್ಲ.

ಮತ್ತ ಕುಡದ್ರ ಅಂದ್ರಿ. ಆಗಬಹುದು, ಭಾಳ ಮಂದಿಗಿ ಆಗ್ತದ. ಬಿಪಿ ಏರಿದವ್ರನ್ನ ನಾವು ಬೈತೀವೇನು, ಮತ್ತ ಗುಳಗಿ ನೋಡ್ತೀವಿ, ಇದೂ ಹಂಗೇ. ದೋಸ್ತರ ಮಾತು ಬಂದು ಕೂಡ್ರಿ ಮಾತಾಡಮು, ಸಂಜಿ 7ಕ್ಕ ಮಿಲ್ ಬಿಟ್ಟ ಮ್ಯಾಲ ಯಾವ ದಾರಿಲಿಂದ ಮನಿಗಿ ಹೋಗ್ತೀರಿ ಅನ್ನೂದರ್ಲಿಂದಾನೇ ಸುರು ಮಾಡಮು.

ಇನ್ನೊಬ್ಬ ಅಕ್ಕ (ಆಳಂದ): ನಮ್ಮ ಮನಿಯವ್ರು ಬರಂಗೇ ಇಲ್ರಿ, ಗೊತ್ತಾಗ್ಲಾರ್ದಂಗ ಸಾರಿನ್ಯಾಗ ಬಿಡಿಸೋ ಗುಳಗಿ ಹಾಕ್ಲಾ?

ಡಾಕ್ಟರ್: ಹಾಕಬ್ಯಾಡವ್ವ. ಆ ಬಿಡಿಸೋ ಗುಳಗಿ, ಡೈಸಲ್ಫಿರಾಂ ಅಂತಾರ, ಅದು ಮೈಯಾಗಿದ್ದಾಗ ಕುಡದ್ರ ಮಾರಿ ಕೆಂಪಾಗಿ ವಾಂತಿ, ಬಿಪಿ ಇಳಿದು ಎದಿಗಿ ಅಪಾಯ. ಅವ್ರಿಗಿ ತಿಳಿಸಿ, ಅವ್ರು ಒಪ್ಪಿ ತಗೋಬೇಕಾದ ಗುಳಗಿ ಅದು. ಅವ್ರು ಬರ್ದಿದ್ರ ನೀವೊಬ್ರೇ ಬರ್ರಿ, ಮನಿಯವ್ರ ಕೂಡ ಮಾತಾಡೂದೂ ನಮ್ಮ ಕೆಲಸಾನೇ.

ಪ್ರಶ್ನೆ ಕೇಳಿದವ್ರು: ಸೋಮವಾರ ಬರ್ತೀನ್ರಿ. ಮುಂಜಾನಿ ಕುಡೀಲಾರ್ದೆ ಬರಬೇಕೇನು?

ಡಾಕ್ಟರ್: ನಡುಕ ತಡೀಲಿಲ್ಲಂದ್ರ ಒಂದಿಷ್ಟು ಕುಡದೇ ಬರ್ರಿ, ಎಷ್ಟು ಕುಡದೀರಿ ಖರೇ ಹೇಳ್ರಿ, ಸಾಕು. ಗಾಡಿ ನೀವು ಹೊಡೀಬ್ಯಾಡ್ರಿ, ಹೆಂಡ್ತೀನ ಕರ್ಕೊಂಡು ಆಟೋದಾಗ ಬರ್ರಿ. ಲೈನ್‌ನಾಗ ನಿಂತಾಗ ತಿರುಗಿ ಹೋಗಬೇಕನಿಸಿದ್ರ ಅಲ್ಲೇ ನಿಂತು 14416ಕ್ಕ ಫೋನ್ ಹಚ್ರಿ, ಅದು ಟೆಲಿ ಮಾನಸ್, ಮನಸ್ಸಿನ ತೊಂದ್ರಿಗಿ ಸರ್ಕಾರದ ಸಹಾಯವಾಣಿ, ಹಗಲು ರಾತ್ರಿ ಕನ್ನಡದಾಗ ಮಾತಾಡ್ತಾರ.